ರಜಾಕರು ದಾಟದ ಹೊಸ್ತಿಲು

ಸರಕಾರದ ಯೋಜನೆಗಳು ಬಡವರನ್ನು ಎಲ್ಲಿ ಮುಟ್ಟುತ್ತವೆ, ಎಲ್ಲಿ ಮುಟ್ಟದೆ ಹಾದುಹೋಗುತ್ತವೆ ಎಂಬುದನ್ನು ಓಣಿ ಓಣಿ ತಿರುಗಿ ಅರಿತು ಬರೆದ ವಿದ್ವಾಂಸರಲ್ಲಿ ಡಾ. ಅಬ್ದುಲರಜಾಕ ಐರಣಿಯವರದು ಗೌರವದ ಸ್ಥಾನ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸಿ ಈ ವರ್ಷ, ೧೯೯೮ರಲ್ಲಿ, ನಿವೃತ್ತರಾಗುತ್ತಿರುವ ಅವರು ತಮ್ಮ ಹೊಗಳಿಕೆ ಶುರುವಾದರೆ ಚಹಾದ ನೆಪ ಹೇಳಿ ಎದ್ದುಹೋಗುವ ಆಸಾಮಿ.

೧೯೮೪ರಲ್ಲಿ ಅವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಅಧ್ಯಯನ ಕೈಗೊಂಡರು. ಮಾರುಕಟ್ಟೆಯ ಅಂಗಳದಲ್ಲಿ ಅವರೊಡನೆ ಕುಳಿತು ಘಾಟಿಗೆ ಕೆಮ್ಮಿದರು. ಜಯವ್ವನೆಂಬಾಕೆಯ ಅಳುವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಪ್ರಶ್ನೆ ಕೇಳಿದರು. ಅವರ ವರದಿಯಿಂದಾಗಿ ಆ ಹೆಂಗಸರಿಗೆ ನೆರಳಿನ ಚಪ್ಪರ, ಕೂಸಿನ ಮನೆ, ಪುಕ್ಕಟೆ ಚಿಕಿತ್ಸೆ ದೊರೆತವು.

ಆದರೆ ಚೀಲಗಳನ್ನು ಮನೆಗೆ ತರಿಸಿಕೊಂಡು ಪರದೆಯೊಳಗೇ ತೊಟ್ಟು ಬಿಡಿಸುವವರೂ ಇದ್ದರಲ್ಲ! ಆ ಮನೆಗಳ ಮುಂದೆ ರಜಾಕರು ರೂಢಿಯಂತೆ ಕೆಮ್ಮಿ, ಹೊಸ್ತಿಲಾಚೆ ನಿಂತು, ಗಂಡಸರನ್ನೇ ಕೇಳಿದರು.

"ನಮ್ಮ ಮನ್ಯಾಗ ಹೆಣಮಕ್ಕಳು ದುಡಿಯಾಂಗಿಲ್ರಿ," ಎಂದು ಶಮಶೇರಸಾಬರು ಹೇಳುವಾಗ ಒಳಗಿನಿಂದ ಘಾಟು ಬರುತ್ತಲೇ ಇತ್ತು. ಯಜಮಾನನ ಮಾತನ್ನು ಅವನ ಬಾಗಿಲಲ್ಲೇ ಸುಳ್ಳೆನ್ನುವುದು ಹೇಗೆ? ಮರ್ಯಾದೆಗೆ ಅಂಜಿ, ಹೇಳಿದಂತೆಯೇ ಬರೆದುಕೊಂಡರು. ಆ ಶಮಶೇರಸಾಬರು ಬೇರೆ ಯಾರೂ ಅಲ್ಲ, ಅವರ ಭಾವ. ಒಳಗಿದ್ದವಳು, ಅದೇ ಕೆಲಸ ಮಾಡಿ ತಮ್ಮನನ್ನು ಓದಿಸಿದ ಅಕ್ಕ ರಸೂಲಬಿ. ತಮ್ಮನಾಗಿ ಒಳಗೆ ಹೋಗಬಹುದಿತ್ತು; ಅಧ್ಯಯನಕ್ಕೆ ಬಂದವರೆಂದು ಎಲ್ಲ ಮನೆಗಳಂತೆ ಅಲ್ಲೂ ಹೊರಗೇ ನಿಂತರು.

ಮುಂದೆ ಅಕ್ಕನ ಕೆಮ್ಮು ಎದೆಗಿಳಿಯಿತು. ಪುಕ್ಕಟೆ ಚಿಕಿತ್ಸೆ ಕೇಳಲು ಕಚೇರಿಗೆ ಹೋದರೆ, ಮನೆಯ ಹೆಂಗಸರು ಕೆಲಸಗಾರರಲ್ಲವೆಂದು ಗುಮಾಸ್ತ ರಜಾಕರಿಗೆ ಅವರದೇ ವರದಿ ತೋರಿಸಿದ. ಹುಬ್ಬಳ್ಳಿಗೆ ಒಯ್ಯುವ ಹೊತ್ತಿಗೆ ಕಾಲ ಮೀರಿತ್ತು.

"ಹೋಗ್ಲಿ ಬಿಡಪಾ ತಮ್ಮಾ," ಎಂದಿದ್ದಳು ಅಕ್ಕ. "ನೀ ಕೇಳಿದ್ರ ನಾ ಖರೇನ ಹೇಳ್ತಿದ್ದೆ."

ಅಕ್ಕ ತೀರಿದ ಮೇಲೆ ಅವರು ಶಿಷ್ಯೆ ಹಸೀನಾಬಿಯೊಡನೆ ಅದೇ ಓಣಿಗಳಿಗೆ ಮರಳಿದರು. ಆಕೆ ಒಳಗೆ ಹೋಗಿ ಹೆಂಗಸರನ್ನೇ ಕೇಳಿದಳು. ಇವರು ಕಟ್ಟೆಯ ಮೇಲೆ ಕಾದರು. ಎರಡನೆಯ ವರದಿಯನ್ನು ಹಾವೇರಿಯ ಕಚೇರಿಗಳಲ್ಲಿ ಹಿಡಿದು ಅಲೆದು, ೧೯೯೪ರಲ್ಲಿ ಮನೆಯೊಳಗಿನವರಿಗೂ ಚಿಕಿತ್ಸೆ ದೊರಕಿಸಿದರು.

ಈ ಅಭಿನಂದನ ಗ್ರಂಥದ ವಿಷಯ ತೆಗೆದಾಗ ರಜಾಕರು ಎದ್ದುಹೋಗಲಿಲ್ಲ. "ಶಾಲು ಹಸೀನಾಬಿಗೆ ಹೊದಸ್ರಿ," ಎಂದರು. "ಅಕಿ ಒಳಗ ಹೋಗಿ ಕೇಳಿದಾಕಿ. ನಾ ಹೊರಗ ನಿಂತಾಂವ."

ಗುತ್ತಲದ ಕಡೆ ಬೀಡಿ ಕಟ್ಟುವ ಮನೆಗಳಿಗೆ ಇವರಿಬ್ಬರೂ ಮುಂದಿನ ತಿಂಗಳು ಹೊರಟಿದ್ದಾರೆ. ಆ ಕೆಲಸಕ್ಕೆ ಬೇಕಾದಷ್ಟು ಆಯುಷ್ಯ, ಆರೋಗ್ಯ ಗುರುಗಳಿಗೆ ಒದಗಲಿ. ಕೇಳಬೇಕಾದವರು ಇನ್ನೂ ಬಹಳ ಮಂದಿ ಇದ್ದಾರೆ. ಮೊದಲು ಕೇಳಬೇಕಾಗಿದ್ದ ಒಬ್ಬಾಕೆ ಮಾತ್ರ ಇಲ್ಲ.