ಎಲ್ಲಿ ಇಳಿಯುವುದು?

ದಿನವೂ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಬರುತ್ತಿದ್ದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಉಡುಪಿಯವರು, ವಾಗ್ಳೆ ಎಸ್ಟೇಟಿನ ನಮ್ಮ ಆಫೀಸಿನಲ್ಲಿ ಡಿಸೈನರ್ ಆಗಿದ್ದರು. ತಂಡದವರೆಲ್ಲ ಆನ್‌ಲೈನಿನಲ್ಲಿ ಒಟ್ಟಿಗೇ ಕೆಲಸ ಮಾಡುವಂಥ ಸಾಫ್ಟ್‌ವೇರನ್ನು ನಾವು ಕಟ್ಟುತ್ತಿದ್ದೆವು. ಒಂದೇ ಸಾಲಿನಲ್ಲಿ ಇಬ್ಬರು ಬರೆದರೆ ಒಬ್ಬರದು ಅಳಿಸಿಹೋಗಿ ಜಗಳವಾಗುತ್ತಿತ್ತು.

"ಒಬ್ಬರು ಬರೆಯುವಾಗ ಉಳಿದವರಿಗೆ ಬೀಗ ಹಾಕಿ," ಎಂದರು ಬಾಸ್.

"ಬೀಗ ಯಾಕೆ ಸರ್? ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೂತವರ ಹತ್ರ 'ಎಲ್ಲಿ ಇಳಿಯುವುದು?' ಅಂತ ಮೊದಲೇ ಕೇಳಿಡ್ತೇವೆ. ಅವರು ಎದ್ದ ಕೂಡಲೇ ಸೀಟು ನಮ್ಮದು," ಎಂದರು ಅಕ್ಕ.

ಆ ಪ್ರಶ್ನೆಯೇ ಪರದೆಯ ಮೇಲೆ ಬಟನ್ ಆಯಿತು. ಅದನ್ನು ಒತ್ತಿಟ್ಟರೆ, ಬರೆಯುತ್ತಿದ್ದವರು ಮುಗಿಸಿದ ಕೂಡಲೇ ಆ ಸಾಲು ಒತ್ತಿದವರಿಗೆ ಸಿಗುತ್ತಿತ್ತು. ಬಾಸ್ ಕೂಡ ಅದನ್ನೊತ್ತಿ ಸರದಿಗೆ ಕಾದರು. ಮೀಟಿಂಗಿನಲ್ಲಿ ಯಾರದಾದರೂ ಮಾತು ಉದ್ದವಾದರೂ ಅಕ್ಕ 'ಎಲ್ಲಿ ಇಳಿಯುವುದು?' ಎಂದೇ ಕೇಳುತ್ತಿದ್ದರು.

ಕೆಲಸ ಬಿಟ್ಟ ದಿನ ಅಕ್ಕ ಬ್ಯಾಗು ಹೆಗಲಿಗೇರಿಸಿ, ಕಿಟಕಿ ಪಕ್ಕದ ತಮ್ಮ ಕುರ್ಚಿಯನ್ನು ತಟ್ಟಿ ನನ್ನನ್ನು ಕರೆದರು.

"ನನ್ನ ಸ್ಟೇಷನ್ ಬಂತು ಮಾರಾಯ್ತಿ. ಬೇಗ ಕೂತ್ಕೋ, ಇಲ್ಲದಿದ್ರೆ ಬೇರೆ ಯಾರಾದ್ರೂ ಕೂತಾರು."