ಕಾರ್ಡನ್ನು ಕೇಳಿ

ಹಾಸನದ ಲೈಬ್ರರಿಯಲ್ಲಿ ಯಾವ ಪುಸ್ತಕ ಎಲ್ಲಿದೆ ಎಂದು ಬರೆದ ಕಾರ್ಡುಗಳನ್ನಿಡುವ ತೇಗದ ಖಾನೆಗಳನ್ನು ಮಾಡಿದವನು ನಾನು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಕೆಲಸ. ಮಳೆಗಾಲದಲ್ಲೂ ಒಂದು ಖಾನೆಯೂ ಬಿಗಿಯುತ್ತಿರಲಿಲ್ಲ. ಅಲ್ಲಿನ ಲೈಬ್ರೇರಿಯನ್ನರು ಖಾನೆ ಎಳೆಯುವ ಮುಂಚೆ ಬೆರಳನ್ನು ಪಂಚೆಗೆ ಒರೆಸಿಕೊಳ್ಳುವರು. ಯಾರು ಏನು ಕೇಳಿದರೂ ಒಂದೇ ಮಾತು: "ಕಪಾಟು ತಡಕಬೇಡಿ, ಕಾರ್ಡನ್ನು ಕೇಳಿ."

ಒಮ್ಮೆ ಖಾನೆಯ ಹಿಡಿ ಬದಲಿಸಲು ಹೋದಾಗ ಬಾಯಿಬಿಟ್ಟೆ. "ಸಾ, ಒತ್ತು ಮುಳುಗುದ್ರೆ ನನ್ ಮಗ್ಳಿಗೆ ಕಣ್ ಕಾಣಾಕಿಲ್ಲ. ಬಾಗ್ಲಿಗೇ ಒಡ್ಕೋತಾಳೆ."

"ಕಾರ್ಡನ್ನು ಕೇಳಿ, ಆಚಾರ್ರೇ."

ನಾನೇ 'ಕಣ್ಣು' ಖಾನೆ ಎಳೆದೆ. ಕನ್ನಡಕ ಇತ್ತು, ಪೊರೆ ಇತ್ತು, ಇರುಳುಗಣ್ಣು ಇರಲಿಲ್ಲ.

"ಕಣ್ಣಲ್ಲಿ ಇಲ್ದಿದ್ರೆ ಊಟದಲ್ಲಿ ನೋಡಿ," ಎಂದು ನಕ್ಕರು.

'ಆಹಾರ' ಖಾನೆಯ ಒಂದು ಕಾರ್ಡು ಪುಸ್ತಕ ತೋರಿಸಿತು. ನಾನು ಅಕ್ಷರ ಕೂಡಿಸಿ ಓದುವವರೆಗೂ ಅವರು ಪುಸ್ತಕ ಕಿತ್ತುಕೊಳ್ಳದೆ ಕಾದರು. ಇರುಳುಗಣ್ಣಿಗೆ ಸೊಪ್ಪು, ಪರಂಗಿ ಹಣ್ಣು, ಹಾಲು ಎಂದಿತ್ತು. ಡಾಕ್ಟರಿಗೂ ತೋರಿಸಿ ಎಂದರು. ತೋರಿಸಿದೆ, ಅವರದೂ ಅದೇ ಮಾತು.

ನಮ್ಮ ಹಿತ್ತಲ ನುಗ್ಗೆಯಲ್ಲಿ ಕಾಯಿ ನಮಗೆ, ಸೊಪ್ಪು ಮೇಕೆಗೆ ಹೋಗುತ್ತಿತ್ತು. ಅಂದಿನಿಂದ ಮೇಕೆಗೆ ಬರೀ ಹುಲ್ಲು.

ಕೆಲವು ತಿಂಗಳಾದ ಮೇಲೆ, ಮಬ್ಬುಗತ್ತಲಲ್ಲಿ ಬಿದ್ದ ಮೊಳೆಯನ್ನು ನೆಲದಲ್ಲಿ ತಡಕುತ್ತಿದ್ದೆ. ಮಗಳು ಬಾಗಿಲಿಂದಲೇ ಕೂಗಿದಳು: "ನಿನ್ ಕಾಲತ್ರಾನೇ ಬಿದ್ದೈತಲ್ಲಪ್ಪಾ, ಕಣ್ ಕಾಣಾಕಿಲ್ವಾ?"