ದೊಡ್ಡಪ್ಪನ ಇಸ್ತ್ರಿ ಮೇಜು

ನಮ್ಮ ದೊಡ್ಡಪ್ಪನ ಜೊತೆ ಬಾಳುವವರಿಗೆ ತಲೆ ಚಿಟ್ಟು ಹಿಡಿಯದಿದ್ದರೆ ಅದೇ ಆಶ್ಚರ್ಯ. ಸರ್ಕಾರಿ ಅತಿಥಿಗೃಹದಲ್ಲಿ ಇಸ್ತ್ರಿ ಮಾಡುವ ಕೆಲಸ. ಮಂತ್ರಿಯ ಅಂಗಿಯಾಗಲಿ ಮಾಲಿಯ ಅಂಗಿಯಾಗಲಿ, ಗೆರೆ ಸರಿಬರದಿದ್ದರೆ ನೀರು ಚಿಮುಕಿಸಿ ಮತ್ತೆ ಮೊದಲಿನಿಂದ. ಬಾಯಿ ಮಾತ್ರ ಬಿಚ್ಚುವುದಿಲ್ಲ. ಅವರ ಪಾಲಿನದನ್ನೂ ಸೇರಿಸಿ ದೊಡ್ಡಮ್ಮನೇ ಮಾತಾಡುತ್ತಾಳೆ.

ದೊಡ್ಡಮ್ಮನಿಗೆ ಇನ್ನೊಂದು ಹುಚ್ಚು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಗವಸು ಹೊಲಿಯುವುದು. ರೇಡಿಯೋಗೆ ಗವಸು, ಕುರ್ಚಿಗೆ ಗವಸು, ಆ ಗವಸು ಕೊಳೆಯಾಗದಿರಲೆಂದು ಅದಕ್ಕೂ ಒಂದು ಗವಸು. ಸುಮ್ಮನೆ ಕೂತರೆ ನಮಗೂ ಹೊಲಿದುಬಿಟ್ಟಾಳು.

ಅತಿಥಿಗೃಹದ ಗೋಡೆಯ ಮೇಲೆ, ಪರದೇಶದ ರಾಜನೊಬ್ಬ ಹಿಂದೆ ಸ್ನೇಹದ ಗುರುತಾಗಿ ಕಳಿಸಿದ್ದ ಉಣ್ಣೆಯ ಪರದೆಯಿತ್ತು. ಕುದುರೆಯೇರಿದ ರಾಜನ ಚಿತ್ರವನ್ನು ಅದರಲ್ಲೇ ನೇಯ್ದಿದ್ದರು. ಸುಣ್ಣ ಬಳಿಯಲು ಇಳಿಸಿದರು. ಸುಣ್ಣ ಒಣಗಿತು, ಪರದೆ ನಾಪತ್ತೆ. ಇಳಿಸಿದ ಸಾಮಾನು ಇಡುವ ಉಗ್ರಾಣದ ಬೀಗದಕೈ ದೊಡ್ಡಪ್ಪನ ಬಳಿಯೂ ಇತ್ತು ಎಂದು ಗುಮಾನಿ ಅವರ ಮೇಲೆ ಬಿತ್ತು. ಸಾಕ್ಷಿಯಿಲ್ಲದೆ ಕೆಲಸ ಉಳಿಯಿತು, ಹೆಸರು ಉಳಿಯಲಿಲ್ಲ. ತನಿಖೆಗೆ ಬಂದ ಸಾಹೇಬರು ಅವರನ್ನು ಗದರಿಸಿ, ಹೋಗುವಾಗ ತಮ್ಮ ಪ್ಯಾಂಟನ್ನು ಅವರ ಕೈಯಲ್ಲೇ ಇಸ್ತ್ರಿ ಮಾಡಿಸಿಕೊಂಡರು.

ಹೊರಗಿನವರ ಮಾತು ಬಿಡಿ, ದೊಡ್ಡಮ್ಮನೇ ನಂಬಲಿಲ್ಲವಲ್ಲ! ವರ್ಷಗಟ್ಟಲೆ ಪ್ರತಿ ಜಗಳದ ಕೊನೆಗೂ ಅದೇ.

“ಆ ಪರದೆ ಯಾರಿಗೆ ಕೊಟ್ರಿ ಅಂತ ನನ್ನ ಹತ್ರನಾದ್ರೂ ಹೇಳ್ರೀ!”

“ನಂಗೊತ್ತಿಲ್ಲ ಕಣೇ.”

ಅಷ್ಟಂದು ಎದ್ದುಹೋಗುತ್ತಿದ್ದರು. ಒಮ್ಮೆಯಾದರೂ ಕೂಗಾಡಬಾರದೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡಪ್ಪನ ನಿವೃತ್ತಿಯ ವಾರ ಅವರ ಇಸ್ತ್ರಿ ಮೇಜಿಗೆ ಹೊಸ ಹಾಸು ಹಾಕಲು ಹಳೆಯದನ್ನು ಕಿತ್ತರು. ಗವಸು ಬಿಚ್ಚಿದರೆ ಮಡಿಸಿದ ದಪ್ಪ ಕಂಬಳಿ, ಕಂಬಳಿ ಬಿಡಿಸಿದರೆ ಕುದುರೆಯ ಮೇಲೆ ರಾಜ! ಮೂಗು ಮಾತ್ರ ಸ್ವಲ್ಪ ಕರಕಲು. ಆಮೇಲೆ ಗೊತ್ತಾದದ್ದು ಇಷ್ಟು: ಸುಣ್ಣದವರು ಚಿತ್ರ ಒಳಗಾಗುವಂತೆ ಮಡಿಸಿ ಇಸ್ತ್ರಿ ಕೋಣೆಯ ಮೂಲೆಗೆ ತಳ್ಳಿದ್ದರು. ಊಟದ ಡಬ್ಬಿ ತಂದ ದೊಡ್ಡಮ್ಮ, ಹಿಂಬದಿಯ ನೂಲಿನ ಸಿಕ್ಕು ನೋಡಿ, ಯಾವುದೋ ಹರಕು ಕಂಬಳಿಯೆಂದು ಗವಸು ಹೊಲಿದು ಗಂಡನ ಮೇಜಿಗೆ ಹಾಸಿದ್ದಳು. ಇಷ್ಟು ವರ್ಷ ಸಾಹೇಬರ ಪ್ಯಾಂಟು ನೆಟ್ಟಗಾದದ್ದು ರಾಜನ ಬೆನ್ನ ಮೇಲೆಯೇ.

“ಗವಸು ಹೊಲಿದಿದ್ದು ಯಾರು?” ಎಂದರು ಈಗಿನ ಸಾಹೇಬರು.

“ನಾನೇ ಸಾರ್,” ಎಂದರು ದೊಡ್ಡಪ್ಪ. ಅಂಗಿಯ ಗುಂಡಿ ಹೊಲಿದುಕೊಳ್ಳಲೂ ಬಾರದ ದೊಡ್ಡಪ್ಪ!

ಬಚ್ಚಿಟ್ಟವನು ಇವನೇ ಎಂದು ತೀರ್ಮಾನವಾಯಿತು. ಬೀಳ್ಕೊಡುಗೆ ಸಭೆಯೂ ರದ್ದಾಯಿತು.

ಅತಿಥಿಗೃಹದ ಮಾಲಿಯ ಬಾಯಲ್ಲಿ ಇದೆಲ್ಲ ಕೇಳಿದ್ದ ನಾನು, ಅವರು ಮನೆಗೆ ತಂದ ಹಳೆಯ ಗವಸನ್ನು ಸಿಟ್ಟಿನಲ್ಲಿ ದೊಡ್ಡಮ್ಮನ ಮಡಿಲಿಗೆ ಎಸೆದು ಎಲ್ಲ ಹೇಳಿದೆ. ಅವಳು ಅಂಚು ಮಗುಚಿ ನೋಡಿದಳು.

“ನಂದೇ ಹೊಲಿಗೆ. ನನ್ನ ಹೆಸರು ಹೇಳ್ಬಾರ್ದಿತ್ತೇನ್ರೀ?”

“ಕಳ್ಳ ಅನ್ನಿಸ್ಕೊಂಡು ನಂಗೆ ಅಭ್ಯಾಸ ಆಗಿದೆ. ನಿಂಗೆ ಆಗಲ್ಲ ಬಿಡು.”

ದೊಡ್ಡಮ್ಮ ಎದ್ದು ಚಪ್ಪಲಿ ಮೆಟ್ಟಿ, ಗವಸನ್ನು ಕಂಕುಳಲ್ಲಿ ಇಟ್ಟುಕೊಂಡು ಅತಿಥಿಗೃಹದ ಕಡೆ ಹೊರಟಳು.